ಮುರಿದದ್ದಲ್ಲ, ಹುಟ್ಟಿದ್ದೇ ಹಾಗೆ

ಕನ್ನಡದಲ್ಲಿ ಮಂಡಿಚಿಪ್ಪು, ತೆಲುಗಿನಲ್ಲಿ ಮೋಕಾಲಿ ಚಿಪ್ಪ. ನಮ್ಮ ಮಡಕಶಿರಾ ಸೀಮೆಯಲ್ಲಿ ಎರಡೂ ನಡೆಯುತ್ತವೆ. ಹೆಸರು ಎರಡಿದ್ದರೆ ತೊಂದರೆಯಿಲ್ಲ, ಚಿಪ್ಪೇ ಎರಡು ತುಂಡಾಗಿದ್ದರೆ? ಹುಟ್ಟಿನಿಂದಲೇ ಅಂಥವರು ನೂರಕ್ಕೆ ಸುಮಾರು ಇಬ್ಬರು ಇದ್ದಾರೆ.

ಹುಟ್ಟಿದ ಕೂಸಿನ ಚಿಪ್ಪು ಬರೀ ಮೆದು ಎಲುಬು. 3ರಿಂದ 6 ವರ್ಷದೊಳಗೆ ಗಟ್ಟಿಯಾಗಲು ಶುರುವಾಗುತ್ತದೆ. ಕೆಲವರಲ್ಲಿ ಮೂಲೆಯ ತುಣುಕೊಂದು ಬೇರೆಯಾಗಿ ಬಲಿತು, ಉಳಿದದ್ದರ ಜೊತೆ ಕೂಡುವುದೇ ಇಲ್ಲ. ಹೆಚ್ಚಿನವರಿಗೆ ನೋವೂ ಇರದು. ಫಜೀತಿ ಆಗುವುದು ಬೈಕಿನಿಂದ ಬಿದ್ದು ಎಕ್ಸ್‌ರೇ ತೆಗೆಸಿದಾಗ. ಫಿಲ್ಮಿನಲ್ಲಿ ಗೆರೆ ಕಂಡು, ಚಿಪ್ಪು ಸೀಳಿದೆ ಅಂತ ಸಿಮೆಂಟು ಕಟ್ಟು ಹಾಕಿಬಿಟ್ಟರೆ ವಾರಗಟ್ಟಲೆ ಕಾಲು ಮಡಚುವಂತಿಲ್ಲ. ಬಿತ್ತನೆ ಕಾಲದಲ್ಲಿ ಅದೆಂಥ ಶಿಕ್ಷೆ, ರೈತರಿಗೆ ನಾನು ಹೇಳಬೇಕೇ?

ಗುಟ್ಟು ಅಂಚಿನಲ್ಲಿದೆ. ಕಡಲೆಬೀಜ ತಾನಾಗಿ ಎರಡು ಬೇಳೆಯಾದರೆ ಅಂಚು ನುಣುಪು, ಕಲ್ಲಿನಲ್ಲಿ ಜಜ್ಜಿದರೆ ಒರಟು. ಹುಟ್ಟು ಸೀಳಿನ ಅಂಚು ದುಂಡಗೆ ನುಣ್ಣಗಿರುತ್ತದೆ, ಹೆಚ್ಚಾಗಿ ಚಿಪ್ಪಿನ ಮೇಲ್ಭಾಗದ ಹೊರಮೂಲೆಯಲ್ಲೇ ಇರುತ್ತದೆ. ಇನ್ನೊಂದು ಮಂಡಿಯ ಚಿತ್ರ ತೆಗೆದರೆ ಹಲವರಲ್ಲಿ ಅಲ್ಲೂ ಅದೇ ಗೆರೆ. ಇಲ್ಲಾಂದ್ರೆ ಮುರಿದದ್ದೇ ಅಂತಲೂ ಅಲ್ಲ. ಅನುಮಾನ ಉಳಿದರೆ ಎಂಆರ್‌ಐ ಇದೆ. ಹೊಸ ಪೆಟ್ಟಾಗಿದ್ದರೆ ಎಲುಬಿನೊಳಗೆ ನೀರು ತುಂಬಿದ್ದು ಅದರಲ್ಲಿ ಕಾಣುತ್ತದೆ.

ಎಕ್ಸ್‌ರೇ ಹೆಚ್ಚಾಗಿ ಬಾಯಿ ಮುಚ್ಚಿಕೊಳ್ಳುವ ಹುಟ್ಟು ದೋಷವೂ ಒಂದಿದೆ. ತೊಡೆ ಎಲುಬಿಗೂ ಕಣಕಾಲಿನ ಎಲುಬಿಗೂ ನಡುವೆ ಎರಡು ಮೆತ್ತೆಗಳಿವೆ, ಕುಡುಗೋಲಿನ ಹಾಗೆ ಬಾಗಿದವು. ಕೆಲವರಿಗೆ ಹೊರಗಡೆಯ ಮೆತ್ತೆ ಒಬ್ಬಟ್ಟಿನಂತೆ ತುಂಬಿಕೊಂಡಿರುತ್ತದೆ. 1889ರಲ್ಲಿ ಯಂಗ್ ಎಂಬುವರು ಶವದ ಮಂಡಿ ಬಿಡಿಸಿ ಇದನ್ನು ಬರೆದಿಟ್ಟರು. ಬದುಕಿದವರಲ್ಲಿ ಕೊಯ್ಯದೆ, ಸೂಜಿ ಚುಚ್ಚದೆ ನೋಡಲು ಹತ್ತಿರ ಹತ್ತಿರ ನೂರು ವರ್ಷ ಬೇಕಾಯಿತು.

ನಮ್ಮೂರ ಹುಡುಗಿಯೊಬ್ಬಳಿಗೆ ನಡೆದಾಗ ಮಂಡಿ 'ಟಕ್' ಅನ್ನೋದು, ಒಮ್ಮೊಮ್ಮೆ ಸಿಕ್ಕಿಕೊಳ್ಳೋದು. ಎಕ್ಸ್‌ರೇ ಚೆನ್ನಾಗಿದೆ, ಸ್ಕೂಲಿಗೆ ಹೋಗದಿರಲು ನೆಪ ಅಂದರು. ಗ್ರಹಣದಲ್ಲಿ ಬಸುರಿ ಹೊರಗೆ ಬಂದದ್ದಕ್ಕೆ ಹೀಗೆ ಅಂತ ಅತ್ತೆ ಅವಳ ತಾಯಿಯನ್ನು ಹಂಗಿಸುತ್ತಿದ್ದಳು. ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಡಾಕ್ಟರ ಕನ್ನಡವನ್ನು ಆ ತಾಯಿಗೆ ತೆಲುಗು ಮಾಡಿ ಹೇಳಲು ನಾನೂ ಹೋಗಿದ್ದೆ. ಆ ಯಂತ್ರ ಮಂಡಿಯನ್ನು ಹೋಳು ಹೋಳಾಗಿ ತೋರಿಸುತ್ತದೆ. 5 ಮಿಲಿಮೀಟರಿನ 3 ಹೋಳುಗಳಲ್ಲಿ, ಅಥವಾ ಇನ್ನೂ ಹೆಚ್ಚಿನವುಗಳಲ್ಲಿ, ಮೆತ್ತೆಯ ಮುಂದಿನ ತುದಿ ಹಿಂದಿನದಕ್ಕೆ ಕೂಡಿಕೊಂಡೇ ಕಂಡರೆ ಅದು ಒಬ್ಬಟ್ಟಿನ ಮೆತ್ತೆ. ಇವಳದ್ದು ಹರಿದೂ ಇತ್ತು. 'ಪುಟ್ಟುಕತೋನೇ ಉಂದಮ್ಮಾ' ಅಂದೆ. 'ನಾ ತಪ್ಪಾ ಸಾಮೀ?' ಅಂತ ಆಕೆ ಡಾಕ್ಟರನ್ನೇ ಕೇಳಿದಳು. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ. ಅವರು ತಲೆಯಾಡಿಸಿ, ಯಾರ ತಪ್ಪೂ ಅಲ್ಲಮ್ಮ ಅಂದರು.

ಸಣ್ಣ ತೂತಿನಲ್ಲಿ ದುರ್ಬೀನು ಇಳಿಸಿ, ಅಂಚು ಉಳಿಸಿ, ನಡುವಿನದನ್ನು ಕತ್ತರಿಸಿದರು. ಇನ್ನೊಂದು ಮಂಡಿಯಲ್ಲೂ ಹೀಗೇ ಇರಬಹುದಂತೆ. ನೋವಿಲ್ಲದಿದ್ದರೆ ಅದನ್ನು ಮುಟ್ಟುವುದು ಬೇಡ, ಸಿಕ್ಕಿಕೊಂಡರೆ ಮಾತ್ರ ಕರೆದುಕೊಂಡು ಬನ್ನಿ ಅಂದಿದ್ದಾರೆ.