ಹಳೇ ಕುಡಿತ, ಈಗ ಲಿವರ್ ಹೇಗಿದೆ?

ಭದ್ರಾವತಿಯ ಲ್ಯಾಬಿನಲ್ಲಿ ಕೂತರೆ ವಿಐಎಸ್‌ಎಲ್‌ನಲ್ಲೋ ಎಂಪಿಎಂ ಕಾರ್ಖಾನೆಯಲ್ಲೋ ಜೊತೆಗಿದ್ದವರು ಯಾರಾದರೂ ಸಿಕ್ಕೇ ಸಿಗ್ತಾರೆ. ‘ಏನಾಯ್ತು ಮಾರಾಯ?’ ಅಂತಾರೆ. ಆ ಒಂದು ಪ್ರಶ್ನೆಗೆ ಅಂಜಿ, ವರ್ಷಗಟ್ಟಲೆ ಕುಡಿದವರು ಪರೀಕ್ಷೆಯನ್ನೇ ಮುಂದೂಡ್ತಾರೆ. ಇದು ಅವರಿಗಾಗಿ.

ಬಸ್ ಹತ್ತಿ ಶಿವಮೊಗ್ಗಕ್ಕೆ ಬನ್ನಿ. ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಆದರೂ ಸರಿ, ಖಾಸಗಿ ಆಸ್ಪತ್ರೆಯಾದರೂ ಸರಿ. ಎಷ್ಟು ಕುಡೀತೀರಿ ಅಂತ ಮುಚ್ಚಿಡದೆ ಹೇಳಿ. ನಿಮ್ಮ ಗುಟ್ಟು ಕಾಯೋದು ವೈದ್ಯರ ವೃತ್ತಿ ನಿಯಮ. ರಿಪೋರ್ಟ್ ವಾಟ್ಸಾಪಿಗೆ ಬೇಡ, ಕೈಗೇ ಕೊಡಿ ಅಂತಲೂ ಕೇಳಬಹುದು.

ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆ) ನಾರ್ಮಲ್ ಬಂತು ಅಂತ ಎದ್ದು ಬರಬೇಡಿ. ಸಿರೋಸಿಸ್ (ಲಿವರ್ ಗಟ್ಟಿಯಾಗೋ ರೋಗ) ಇದ್ದವರಲ್ಲೂ ಅದು ನಾರ್ಮಲ್ ಇರಬಹುದು! ಪ್ಲೇಟ್‌ಲೆಟ್ ಎಣಿಕೆಯನ್ನೂ ಮಾಡಿಸಿ. ವಯಸ್ಸು, ಎಲ್‌ಎಫ್‌ಟಿಯಲ್ಲೇ ಇರೋ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಈ ನಾಲ್ಕನ್ನು ಸೇರಿಸಿ ವೈದ್ಯರು ಫಿಬ್-4 ಅನ್ನೋ ಅಂಕಿ ಲೆಕ್ಕ ಹಾಕ್ತಾರೆ. 1.3ಕ್ಕಿಂತ ಕೆಳಗಿದ್ದರೆ ಲಿವರ್ ಗಟ್ಟಿಯಾಗಿರೋ ಸಾಧ್ಯತೆ ಕಡಿಮೆ, 2.67 ದಾಟಿದರೆ ಹೆಚ್ಚು. ಅನುಮಾನ ಬಂದರೆ ಫೈಬ್ರೋಸ್ಕ್ಯಾನ್. ಹೊಟ್ಟೆ ಸ್ಕ್ಯಾನಿಂಗ್ ಥರಾನೇ, ಸೂಜಿಯಿಲ್ಲ, ನೋವಿಲ್ಲ.

ಬರೀ ಕೊಬ್ಬು ತುಂಬಿದ ಲಿವರ್ ಆದರೆ, ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಸುಧಾರಿಸೋಕೆ ಶುರುವಾಗುತ್ತೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು ದಯವಿಟ್ಟು ಏಕಾಏಕಿ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ವೈದ್ಯರ ಔಷಧಿ ಜೊತೆಗೇ ಬಿಡಿ. ಕಣ್ಣು ಹಳದಿಯಾದರೆ, ಹೊಟ್ಟೆ ಊದಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಗಾದರೆ ಯಾರು ನೋಡ್ತಾರೋ ಅನ್ನೋದು ಮರೆತು ಹತ್ತಿರದ ಆಸ್ಪತ್ರೆಗೆ ಓಡಿ.

ಯಾರ ಹತ್ತಿರವೂ ಹೇಳೋಕಾಗ್ತಿಲ್ವಾ? ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.