ಹೆಬ್ಬಾಳದ ವಾಚ್‌ಮನ್ ಮಗಳ ರಾಯಚೂರು ಕನ್ನಡ

ನಾನು ಹೆಬ್ಬಾಳಕ್ಕೆ ಹೋಗಿದ್ದು ಕಿತ್ತಯ್ಯನನ್ನು ನೋಡಲು. 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಅವನ ವೀರಗಲ್ಲಿನ ಸುದ್ದಿ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು, ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೆಲ್ಲ ಹಳೆಯದು. ಈಗ ಅದಕ್ಕೊಂದು ಮಂಟಪವೂ ಆಗಿದೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ನಾನು ಹೊರಗೇ ನಿಂತಿದ್ದಾಗ, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡಿದ್ದ ಹುಡುಗಿಯೊಬ್ಬಳು ದಾರಿ ತೋರಿಸಿದಳು.

‘ಒಳಗ ಹೋಗ್ರಿ ಅಂಕಲ್. ಯಾರೂ ಏನೂ ಅನ್ನಂಗಿಲ್ಲ. ಚಪ್ಪಲ್ ಅಷ್ಟ ಹೊರಗ ಬಿಡ್ರಿ.’

‘ಯಾವ ಊರಮ್ಮ ನಿಂದು, ರಾಯಚೂರಾ?’

‘ಇಲ್ರಿ. ನೇಪಾಳ.’

ಕಿತ್ತಯ್ಯನ ಆತ್ಮ ನನ್ನನ್ನು ಕ್ಷಮಿಸಲಿ, ಅಲ್ಲಿಂದಾಚೆಗೆ ಕಲ್ಲಿನ ಮೇಲೆ ನನಗೆ ಗಮನವೇ ಉಳಿಯಲಿಲ್ಲ.

ಹುಡುಗಿ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಮನೆಯವರು ಪಶ್ಚಿಮ ನೇಪಾಳದ ಅಚ್ಛಾಮ್ ಕಡೆಯವರು. ಅಪ್ಪ ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಸಂಪಿನ ಪಕ್ಕ, ಕಾರು ನಿಲ್ಲಿಸುವ ಜಾಗದ ಮೂಲೆಯ ಒಂದು ಕೋಣೆಯಲ್ಲಿ ಸಂಸಾರ. ಅಮ್ಮ ಮೇಲಿನ ಮನೆಗಳಲ್ಲಿ ಪಾತ್ರೆ, ಕಸ, ಮುಸುರೆ. ಕೋಣೆಯೊಳಗೆ ನೇಪಾಳಿ, ಮೇಲಿನ ಮನೆಯವರೊಂದಿಗೆ ಹಿಂದಿ. ‘ಮಮ್ಮಿಗಿ ಕನ್ನಡ ತಿಳೀತೈತ್ರಿ, ಮಾತಾಡಾಕ ಬರಂಗಿಲ್ಲ’ ಎಂದು ಹುಡುಗಿ ವಿವರಿಸುತ್ತಿದ್ದರೆ ಅಮ್ಮ ಹಿಂದೆ ನಿಂತು ನಗುತ್ತಿದ್ದರು. ಗ್ಯಾಸ್ ಸಿಲಿಂಡರಿನವನು ಬಂದರೂ ನೀರಿನ ಟ್ಯಾಂಕರಿನವನು ಬಂದರೂ ಮಾತಾಡುವುದು ಮಗಳೇ. ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಬಂದವರು ಕೈಸನ್ನೆಯಲ್ಲಿ ವ್ಯವಹಾರ ಮುಗಿಸಬೇಕು.

ಸರಿ, ಕನ್ನಡ ಬಂದದ್ದು ಹೇಗೋ ಬಂತು. ರಾಯಚೂರಿನ ಕನ್ನಡವೇ ಏಕೆ ಬಂತು? ಉತ್ತರ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಸೈಟಿನಲ್ಲಿತ್ತು. ಅಲ್ಲಿ ತಗಡಿನ ಶೆಡ್ಡುಗಳ ಸಾಲು, ಮೇಲೆ ನೀಲಿ ತಾಡಪಾಲು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದು ಗಾರೆ ಕೆಲಸ ಮಾಡುವ ಸಂಸಾರಗಳು. ನೇಪಾಳದ ಹುಡುಗಿಯ ಜೀವದ ಗೆಳತಿ ಯಾದಗಿರಿಯವಳು. ಇಬ್ಬರೂ ಒಂದೇ ತರಗತಿ, ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಒಂದೇ ಅಂಗಳ. ಗೆಳತಿಯ ಅವ್ವ ಜೋಳದ ರೊಟ್ಟಿ ಬಡಿಯುವಾಗ ಇವಳಿಗೂ ಒಂದು ಪಾಲು. ಮಕ್ಕಳು ಭಾಷೆ ಕಲಿಯುವುದು ಓರಗೆಯ ಮಕ್ಕಳಿಂದ. ಬೆಂಗಳೂರಿನ ಹಳೆಯ ಕನ್ನಡ ಮನೆಗಳ ಮಕ್ಕಳು ಈ ಶಾಲೆಗಳನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮೈದಾನದಲ್ಲಿ ಉಳಿದಿರುವ ಹುಟ್ಟು ಕನ್ನಡಿಗರೆಂದರೆ ಬಹುಮಟ್ಟಿಗೆ ಗುಳೆ ಬಂದವರ ಮಕ್ಕಳೇ. ಹಾಗಾಗಿ ಅಲ್ಲಿ ನಡೆಯುವ ನಾಣ್ಯ ‘ಮನಿ’, ‘ಸಾಲಿ’, ‘ಬರಂಗಿಲ್ಲ’.

ಇದು ತಲೆಗೆ ಹತ್ತಿದ ಮೇಲೆ ನಾನು ಆ ಕಡೆಗೆ ಮತ್ತೆ ಮತ್ತೆ ಹೋಗಿ ಕಿವಿಗೊಟ್ಟು ಕೂತೆ. ಬಿಹಾರದ ಬಡಗಿಯೊಬ್ಬನ ಮಗ ಚೆಂಡು ಸಿಗದೆ ಸಿಟ್ಟಾಗಿ ‘ಕೊಡಲೇ, ಹಂಗ್ಯಾಕ ಮಾಡ್ತಿ’ ಎನ್ನುತ್ತಿದ್ದ. ಅನಂತಪುರದ ಮೇಸ್ತ್ರಿಯ ಮಗಳು ಎಣಿಸುವುದು ತೆಲುಗಿನಲ್ಲಿ, ಜಗಳ ಕಾಯುವುದು ಯಾದಗಿರಿ ಕನ್ನಡದಲ್ಲಿ. ನಮ್ಮ ನೇಪಾಳದ ಹುಡುಗಿ ಇವರೆಲ್ಲರಿಗಿಂತ ಒಂದು ಕೈ ಮೇಲು. ಅವಳ ಬಳಿ ಇರುವುದು ಒಂದು ಕನ್ನಡವಲ್ಲ, ಮೂರು. ಶೆಡ್ಡಿನಲ್ಲಿ ‘ಎಲ್ಲಿ ಹೋಗಿದ್ದಿ’. ಅಂಗಡಿಗೆ ಹೋದರೆ ಅಪ್ಪಟ ಬೆಂಗಳೂರು: ‘ಅಣ್ಣ, ಎಷ್ಟಾಯ್ತು? ಚೇಂಜ್ ಇಲ್ವಾ?’ ಟೀಚರ್ ಎದುರು ಪಠ್ಯಪುಸ್ತಕದ ಕನ್ನಡ: ಗೃಹಪಾಠ, ಪ್ರಾರ್ಥನೆ, ಅನುಮತಿ. ತಮ್ಮನನ್ನು ಗದರುವಾಗ ನೇಪಾಳಿಯಲ್ಲಿ ಶುರುಮಾಡಿ ‘ಸುಮ್ಕ ಕುಂದ್ರು’ ಎಂದು ಮುಗಿಸುತ್ತಾಳೆ. ಬೀದಿನಾಯಿಗೂ ‘ಬಾರ್ರಿ’ ಎನ್ನುವ ಈ ಮರ್ಯಾದೆಯನ್ನು ಬೆಂಗಳೂರಿನವರಿಂದ ಕಲಿತಿರಲು ಸಾಧ್ಯವೇ ಇಲ್ಲ.

ಅವರ ಕನ್ನಡ ಟೀಚರಿಗೆ ನನ್ನಷ್ಟು ಸಂಭ್ರಮವಿರಲಿಲ್ಲ. ‘ನಿಮಗೇನು ಸರ್, ಕೇಳಿ ಖುಷಿಪಟ್ಟು ಹೋಗ್ತೀರ. ಉಕ್ತಲೇಖನದಲ್ಲಿ ಮನೆ ಅಂದ್ರೆ ಮನಿ ಅಂತ ಬರೀತಾರೆ, ತಿದ್ದೋಳು ನಾನು’ ಎಂದರು. ಆದರೂ ತಿದ್ದುವುದಕ್ಕೆ ಅಲ್ಲೊಂದು ಕನ್ನಡ ಇದೆಯಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

ವಲಸೆ ಬಂದವರ ಭಾಷೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಹೆಚ್ಚು ಅಗೆದವರು ಅಮೆರಿಕದವರು. ಅಲ್ಲಿನ ಲೆಕ್ಕ ಮೂರು ತಲೆಮಾರಿನದು: ಬಂದವರು ತಮ್ಮ ಮಾತಾಡುತ್ತಾರೆ, ಮಕ್ಕಳು ಎರಡನ್ನೂ ಆಡುತ್ತಾರೆ, ಮೊಮ್ಮಕ್ಕಳಿಗೆ ಇಂಗ್ಲಿಷ್ ಮಾತ್ರ. ಜರ್ಮನ್, ಇಟಾಲಿಯನ್, ಪೋಲಿಷ್ ಎಲ್ಲವೂ ಹೀಗೇ ಹೋದವು. ಸ್ಪ್ಯಾನಿಷ್ ಹಾಗಾಗುವುದಿಲ್ಲ, ಇಂಗ್ಲಿಷನ್ನೇ ನುಂಗುತ್ತದೆ ಎಂಬ ಭಯ ಅಲ್ಲಿ ಹಳೆಯದು. ಕ್ಯಾಲಿಫೋರ್ನಿಯಾದ 1849ರ ಸಂವಿಧಾನ ಕಾನೂನುಗಳೆಲ್ಲ ಎರಡೂ ಭಾಷೆಗಳಲ್ಲಿ ಅಚ್ಚಾಗಬೇಕೆಂದಿತ್ತು, 1879ರದು ಅದನ್ನು ಕಿತ್ತುಹಾಕಿತು. 1998ರಲ್ಲಿ ಅದೇ ರಾಜ್ಯದ ಮತದಾರರು ಶಾಲೆಗಳಲ್ಲಿ ದ್ವಿಭಾಷಾ ಬೋಧನೆಗೆ ಕಡಿವಾಣ ಹಾಕಿದರು, 2016ರಲ್ಲಿ ಅದನ್ನು ಬಿಚ್ಚಿದರು. 2025ರ ಮಾರ್ಚಿನಲ್ಲಿ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಆದೇಶ ಹೊರಡಿಸಿದರು. ಇಷ್ಟೆಲ್ಲ ರಂಪಾಟದ ನಡುವೆ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳಿದ್ದೇನು? ಮೂರನೇ ತಲೆಮಾರು ಮತ್ತು ಅದರಾಚೆಯ ಲ್ಯಾಟಿನೋಗಳಲ್ಲಿ ಮೂವರಲ್ಲಿ ಇಬ್ಬರಿಗೆ ಸ್ಪ್ಯಾನಿಷ್‌ನಲ್ಲಿ ಸರಾಗವಾಗಿ ಮಾತಾಡಲು ಬರುವುದಿಲ್ಲ. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚಿದ್ದಾರೆ ನಿಜ, ಆದರೆ ಆ ಸಂಖ್ಯೆ ನಿಂತಿರುವುದು ಬಹುಮಟ್ಟಿಗೆ ಹೊಸದಾಗಿ ಬರುವವರ ಮೇಲೆ.

ನಮ್ಮಲ್ಲಿ ಈ ಮೂರು ತಲೆಮಾರಿನ ಲೆಕ್ಕ ತಾಳೆಯಾಗುತ್ತಲೇ ಇರಲಿಲ್ಲ. ಸಂಕೇತಿಗಳು ತಮಿಳು ಸೀಮೆ ಬಿಟ್ಟು ಬಂದು ಶತಮಾನಗಳೇ ಆದರೂ ಶಿವಮೊಗ್ಗ, ಹಾಸನ, ಮೈಸೂರು ಸೀಮೆಯ ಮನೆಗಳಲ್ಲಿ ಸಂಕೇತಿ ನಡೆಯುತ್ತಿದೆ. ಹೆಬ್ಬಾರ್ ಅಯ್ಯಂಗಾರರ ತಮಿಳು, ತಿಗಳರ ಮನೆಮಾತು, ದಖ್ಖನಿ ಉರ್ದು, ಕೊಂಕಣಿ, ಯಾವುದೂ ಅಜ್ಜಿಯ ಕಾಲಕ್ಕೇ ಮುಗಿದುಹೋಗಲಿಲ್ಲ. ಅವು ಉಳಿದದ್ದರಿಂದ ಕನ್ನಡಕ್ಕೆ ನಷ್ಟವೂ ಆಗಲಿಲ್ಲ. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿ, ಮರಾಠಿಯಾಡುತ್ತಿದ್ದ ಬೇಂದ್ರೆ, ಕೊಂಕಣಿಯ ಕಾರ್ನಾಡ ಸೇರಿ ಎಂಟು ಜ್ಞಾನಪೀಠಗಳಲ್ಲಿ ಮೂರನ್ನು ತಂದುಕೊಟ್ಟರು. ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದೇವನಹಳ್ಳಿ ನಿಸಾರ್ ಅಹಮದ್ ಅವರ ಹುಟ್ಟೂರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರೂ ಕನ್ನಡ ಕಲಿತದ್ದು ಶಾಲೆಗೆ ಸೇರಿದ ಮೇಲೆ.

ಈ ವಿಚಿತ್ರವನ್ನು ವಿದ್ವಾಂಸರು ಗುರುತಿಸದೆ ಇಲ್ಲ. ಯುರೋಪು, ಅಮೆರಿಕಗಳಲ್ಲಿ ವಲಸಿಗರು ಭಾಷೆ ಬಿಡುವುದು ರೂಢಿ, ಭಾರತದಲ್ಲಿ ಉಳಿಸಿಕೊಳ್ಳುವುದೇ ರೂಢಿ ಎಂದು ಭಾಷಾಶಾಸ್ತ್ರಜ್ಞ ಪ್ರಬೋಧ ಪಂಡಿತ್ 1970ರ ದಶಕದಲ್ಲೇ ತೋರಿಸಿದರು. ಅವರು ಕೊಟ್ಟ ಉದಾಹರಣೆ ಮುಂಬಯಿಯ ಗುಜರಾತಿ ಮಸಾಲೆ ವ್ಯಾಪಾರಿಯದು: ಮನೆಗೊಂದು, ಸಂತೆಗೊಂದು, ರೈಲಿಗೊಂದು ಭಾಷೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಮ್ಮ ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಮೂರು ಸಾವಿರ ಜನರ ಹಳ್ಳಿಯನ್ನು ಅಧ್ಯಯನ ಮಾಡಿ 1971ರಲ್ಲಿ ಬರೆದರು. ಅಲ್ಲಿ ಜೈನರ ಮನೆಯಲ್ಲಿ ಕನ್ನಡ, ಮುಸ್ಲಿಮರ ಮನೆಯಲ್ಲಿ ಉರ್ದು, ದಲಿತರ ಮನೆಯಲ್ಲಿ ಮರಾಠಿ, ಹಗ್ಗ ಹೊಸೆಯುವವರ ಮನೆಯಲ್ಲಿ ತೆಲುಗು. ಶತಮಾನಗಳ ಕಾಲ ಒಟ್ಟಿಗೆ ಬಾಳಿ ಯಾವ ಮನೆಯೂ ತನ್ನ ಮಾತು ಬಿಡಲಿಲ್ಲ. ಆದರೆ ಕನ್ನಡ, ಮರಾಠಿ, ಉರ್ದುಗಳ ವಾಕ್ಯದ ಕಟ್ಟು ಒಂದೇ ಅಚ್ಚಿಗೆ ಬಂದು, ಪದಕ್ಕೆ ಪದ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದಾಗಿತ್ತು. ಹೆಬ್ಬಾಳದ ಆ ಖಾಲಿ ಸೈಟಿಗೆ ಈಗ ಒಬ್ಬ ಗಂಪರ್ಜ್ ಬೇಕು. ಸೈಟಿನಲ್ಲಿ ಕಟ್ಟಡ ಏಳುವುದರೊಳಗೆ ಬರಬೇಕು.

ಏಕೆಂದರೆ ಇಲ್ಲಿ ಯಾವುದೂ ನಿಲ್ಲುವುದಿಲ್ಲ. 2003ರಲ್ಲಿ ಮೇಲ್ಸೇತುವೆ ಬಂತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ನಾಗವಾರದ ಬಳಿ ಮಾನ್ಯತಾ ಟೆಕ್ ಪಾರ್ಕ್ ಬೆಳೆಯಿತು. ಕೆಂಪಾಪುರ, ಭೂಪಸಂದ್ರ, ಅಮೃತಹಳ್ಳಿಗಳ ಹೊಲ ತೋಟಗಳು ಲೇಔಟುಗಳಾದವು. ಕೆಲಸ ಎಲ್ಲಿಯೋ ಶೆಡ್ಡು ಅಲ್ಲಿಗೆ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ನೂರಕ್ಕೆ ಸುಮಾರು 44. ಈ ಅಂಕಿಯನ್ನು ಸಭೆಗಳಲ್ಲಿ ಗದ್ಗದಿತರಾಗಿ ಓದುವವರನ್ನು ಕಂಡಿದ್ದೇನೆ. ನನಗೆ ಅದು ಅಷ್ಟೊಂದು ಹೆದರಿಸುವುದಿಲ್ಲ. ಮಾತೃಭಾಷೆ ಯಾವುದೆಂಬ ಕಾಲಂನಲ್ಲಿ ನಮ್ಮ ಹುಡುಗಿ ನೇಪಾಳಿಯ ಲೆಕ್ಕಕ್ಕೇ ಸೇರುತ್ತಾಳೆ. ಅವಳು ಆಡುವ ಮೂರು ಕನ್ನಡಗಳು ಆ 44ರಲ್ಲಿ ಇಲ್ಲ.

ಹೆದರಿಸುವುದು ಅದೇ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗಳು. ಅಲ್ಲಿ ನನಗೆ ಗೊತ್ತಿರುವ ಒಂದು ಮನೆ ಇದೆ. ಗಂಡ ಉಡುಪಿಯ ಕಡೆಯವರು, ಮನೆಮಾತು ತುಳು. ಹೆಂಡತಿ ದಾವಣಗೆರೆಯ ಕನ್ನಡದವರು. ಇಬ್ಬರೂ ಕನ್ನಡ ಮೀಡಿಯಂನಲ್ಲಿ ಓದಿ ಬೆಳೆದವರು. ಒಬ್ಬನೇ ಮಗ, ಅವನ ಮಾತು ಇಂಗ್ಲಿಷ್. ಊರಿನಿಂದ ಬಂದ ಅಜ್ಜಿ ‘ಪುಟ್ಟಾ, ಮಮ್ಮು ಈಟ್ ಮಾಡು, ಕಮ್ ಮಾಡು’ ಎಂದು ತಮಗೆ ಸಾಧ್ಯವಾದಷ್ಟು ಒದ್ದಾಡುತ್ತಾರೆ. ತುಳು ಆ ಮನೆಯ ಹೊಸ್ತಿಲನ್ನೇ ದಾಟಲಿಲ್ಲ, ಕನ್ನಡ ದಾಟಿ ಸೋಫಾದವರೆಗೆ ಬಂದು ನಿಂತಿದೆ. ಅಮೆರಿಕದಲ್ಲಿ ಮೂರು ತಲೆಮಾರು ಹಿಡಿದ ಕೆಲಸವನ್ನು ನಾವು ಒಂದರಲ್ಲೇ ಮುಗಿಸಿದೆವು, ಅದೂ ದೇಶ ಬಿಡದೆ. ಈ ಹುಡುಗನೂ ವಾಚ್‌ಮನ್ ಮಗಳೂ ಲಿಫ್ಟಿನಲ್ಲಿ ಎದುರಾದರೆ ಆಡುವುದು ಹಿಂದಿ. ಅವನ ತಾಯಿಯ ಭಾಷೆ ಅವಳಿಗೆ ನೀರು ಕುಡಿದಷ್ಟು ಸಲೀಸು ಎಂಬುದು ಅವನಿಗೆ ತಿಳಿಯದು.

ಹಾಗೆಂದು ಆ ದಂಪತಿಯನ್ನು ನಿಂದಿಸುವ ಉಮೇದು ನನಗಿಲ್ಲ. ನೇಪಾಳದ ಅಪ್ಪನಿಗೂ ಇರುವುದು ಅದೇ ಆಸೆ. ಬರುವ ವರ್ಷ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಬೇಕೆಂದು ಅವರು ದುಡ್ಡು ಕೂಡಿಡುತ್ತಿದ್ದಾರೆ. ಯಾದಗಿರಿಯ ಗೆಳತಿಯ ಅಪ್ಪನಿಗೂ ಅಷ್ಟೇ. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲೇ ಹೇಳಿ ಆ ಅಧ್ಯಾಯ ಮುಗಿಸಿದೆ. 2019-20ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂಬ 2015ರ ಕಾಯ್ದೆ ಇದೆ. ಮೇಲಿನ ಮನೆಯ ಹುಡುಗನೂ ಆ ಪುಸ್ತಕ ಓದುತ್ತಾನೆ, ಪರೀಕ್ಷೆಯಲ್ಲಿ ಪಾಸಾಗುತ್ತಾನೆ, ಅಜ್ಜಿಯ ಜೊತೆ ಮಾತಾಡಲಾರ. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕೆಂಬ ತಿದ್ದುಪಡಿ 2024ರಲ್ಲಿ ಬಂತು. ಫಲಕಗಳೇನೋ ಬದಲಾದವು. ಫಲಕದ ಕೆಳಗಿನ ಕೌಂಟರಿನಲ್ಲಿ ಯಾವ ಮಾತು ನಡೆಯುತ್ತದೆ ಎಂದು ಅಳೆಯಲು ಟೇಪು ಹಿಡಿದವರನ್ನು ನಾನು ಕಂಡಿಲ್ಲ.

ಈ ಸುತ್ತಾಟದಿಂದ ನನಗೆ ಖಚಿತವಾದದ್ದು ಇಷ್ಟು. ಸ್ಪ್ಯಾನಿಷ್ ಅಮೆರಿಕದಲ್ಲಿ ನಿಂತಿರುವುದು ಹೊಸಬರಿಂದ ಎನ್ನುವುದಾದರೆ, ಹೆಬ್ಬಾಳದಲ್ಲಿ ಕನ್ನಡ ನಿಂತಿರುವುದೂ ಹೊಸಬರಿಂದಲೇ. ಕಲ್ಯಾಣ ಕರ್ನಾಟಕದಿಂದ ಗುಳೆ ಬಂದವರು ಅದನ್ನು ತರುತ್ತಿದ್ದಾರೆ, ನೇಪಾಳ, ಬಿಹಾರ, ಅನಂತಪುರದವರ ಮಕ್ಕಳು ಅದನ್ನು ಎತ್ತಿಕೊಳ್ಳುತ್ತಿದ್ದಾರೆ. ಇದಕ್ಕೆ ಬೇಕಾದದ್ದು ಎರಡೇ: ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸರ್ಕಾರಿ ಶಾಲೆ, ಶಾಲೆ ಬಿಟ್ಟ ಮೇಲೆ ಬೇರೆ ಬೇರೆ ಮನೆಮಾತಿನ ಮಕ್ಕಳು ಒಟ್ಟಿಗೆ ಆಡುವಷ್ಟು ಜಾಗ. ಮಾಧ್ಯಮ ಇಂಗ್ಲಿಷಾದರೂ ಆಟದ ಮಾತು ಕನ್ನಡವಾಗಿದ್ದರೆ ಭಾಷೆ ದಾಟಿಕೊಳ್ಳುತ್ತದೆ. ಮೊದಲನೆಯದು ಸರ್ಕಾರದ ಹೊಣೆ. ಎರಡನೆಯದು ಅಪಾರ್ಟ್‌ಮೆಂಟುಗಳ ಕನ್ನಡ ಸಂಘಗಳ ಕೈಯಲ್ಲೇ ಇದೆ. ನವೆಂಬರಿನಲ್ಲಿ ಬಾವುಟ ಹಾರಿಸಿ, ಆರ್ಕೆಸ್ಟ್ರಾ ಕರೆಸಿ ಖರ್ಚು ಮಾಡುವವರು ಒಂದು ನಿಯಮ ಬದಲಿಸಿದರೆ ಸಾಕು. ಕಾಂಪೌಂಡಿನೊಳಗಿನ ಆಟದ ಜಾಗಕ್ಕೆ ‘ನಿವಾಸಿಗಳ ಮಕ್ಕಳಿಗೆ ಮಾತ್ರ’ ಎಂದು ಬರೆದಿರುವ ಬೋರ್ಡನ್ನು ತೆಗೆದು, ವಾಚ್‌ಮನ್ ಮಕ್ಕಳನ್ನೂ ಶೆಡ್ಡಿನ ಮಕ್ಕಳನ್ನೂ ಒಳಗೆ ಬಿಡಲಿ. ಉಪಕಾರ ಮಾಡುತ್ತಿದ್ದೇವೆ ಎಂದು ಬೀಗಬೇಕಾಗಿಲ್ಲ. ಅಲ್ಲಿ ಕನ್ನಡ ಕಲಿಯಬೇಕಾದವರು ಮೇಲಿನ ಮಹಡಿಯ ಮಕ್ಕಳು, ಕಲಿಸುವವರು ಕೆಳಗಿನವರು.