ಕಚೇರಿಯ ಇ-ಮೇಲ್ ಖಾತೆ ಪಂಚಾಯತಿಯ ಆಸ್ತಿ: ಸದಸ್ಯರು ತಿಳಿದಿರಬೇಕಾದ ಸೆಟ್ಟಿಂಗ್‌ಗಳು

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ತಿಳಿವಳಿಕೆಗಾಗಿ)

ಗ್ರಾಮ ಪಂಚಾಯತಿ ಕಚೇರಿಗೆ ಬರುವ ಪತ್ರಗಳನ್ನು ಆವಕ ವಹಿಯಲ್ಲಿ, ಹೊರಗೆ ಹೋಗುವ ಪತ್ರಗಳನ್ನು ಜಾವಕ ವಹಿಯಲ್ಲಿ ನಮೂದಿಸುವ ಪದ್ಧತಿ ಮಾನ್ಯ ಸದಸ್ಯರೆಲ್ಲರಿಗೂ ಪರಿಚಿತವಾದುದು. ಕಚೇರಿಯ ಮೊಹರು ಯಾರ ವಶದಲ್ಲಿದೆ, ನಗದು ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದನ್ನೂ ತಾವು ಬಲ್ಲಿರಿ. ಆದರೆ ಕಚೇರಿಯ ಇ-ಮೇಲ್ ಖಾತೆಯ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಸುತ್ತೋಲೆ, ಸಭೆಯ ಸೂಚನೆ, ವರದಿಯ ನಮೂನೆ, ಸಾರ್ವಜನಿಕರ ಮನವಿ ಇವೆಲ್ಲವೂ ಈ ಖಾತೆಗೆ ಬರುತ್ತಿರುವಾಗ, ಅದನ್ನು ಕೇವಲ ಗಣಕಯಂತ್ರ ಬಲ್ಲವರ ಕೆಲಸವೆಂದು ಬಿಟ್ಟುಬಿಡುವುದು ತರವಲ್ಲ. ಖಾತೆಯು ಪಂಚಾಯತಿಗೆ ಸೇರಿದ್ದು, ಅದನ್ನು ನಿರ್ವಹಿಸುವ ವ್ಯಕ್ತಿಗೆ ಸೇರಿದ್ದಲ್ಲ. ಈ ಮಾತು ನಿಜವಾಗುವುದೂ ಸುಳ್ಳಾಗುವುದೂ ಖಾತೆಯೊಳಗಿನ ಕೆಲವೇ ಸೆಟ್ಟಿಂಗ್‌ಗಳಿಂದ.

ಕಾನೂನಿನ ದೃಷ್ಟಿಯಲ್ಲಿ ಇ-ಮೇಲ್

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 4ನೇ ಪ್ರಕರಣವು ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆಯನ್ನು ನೀಡಿದೆ. ಅದೇ ಕಾಯ್ದೆಯ 13ನೇ ಪ್ರಕರಣದ ಪ್ರಕಾರ, ಬೇರೆ ರೀತಿಯ ಒಪ್ಪಂದವಿಲ್ಲದಿದ್ದಲ್ಲಿ, ಪತ್ರ ಸ್ವೀಕರಿಸಲೆಂದು ಗೊತ್ತುಪಡಿಸಿದ ವ್ಯವಸ್ಥೆಯನ್ನು ದಾಖಲೆಯು ಪ್ರವೇಶಿಸಿದ ವೇಳೆಯೇ ಅದು ತಲುಪಿದ ವೇಳೆಯಾಗುತ್ತದೆ. ಅಂದರೆ, ಇ-ಮೇಲ್ ಅನ್ನು ನಾವು ತೆರೆದು ಓದಿದ ದಿನ ಇಲ್ಲಿ ಮುಖ್ಯವಲ್ಲ. ಓದದೆ ಬಿಟ್ಟ ಪತ್ರವೂ ತಲುಪಿದ ಪತ್ರವೇ.

ಇದರ ಪರಿಣಾಮ ಸಣ್ಣದಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 6ನೇ ಪ್ರಕರಣವು ನಿಗದಿತ ಶುಲ್ಕದೊಂದಿಗೆ ವಿದ್ಯುನ್ಮಾನ ಮಾರ್ಗದಲ್ಲಿಯೂ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಿದೆ. ಅರ್ಜಿ ಸ್ವೀಕೃತವಾದ 30 ದಿನಗಳೊಳಗೆ ಉತ್ತರ ನೀಡಬೇಕು. ಸಮಂಜಸ ಕಾರಣವಿಲ್ಲದೆ ವಿಳಂಬವಾದಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ದಿನಕ್ಕೆ ರೂ. 250ರಂತೆ, ಗರಿಷ್ಠ ರೂ. 25,000ದವರೆಗೆ ದಂಡ ವಿಧಿಸಬಹುದಾಗಿದೆ. ಪತ್ರವನ್ನು ನೋಡಲಿಲ್ಲವೆಂಬ ಸಮಜಾಯಿಷಿಯನ್ನು ನೆಚ್ಚಿಕೊಂಡು ಕೂಡುವಂತಿಲ್ಲ.

ಒಂದು ಸಂದರ್ಭ

ನದಿ ದಂಡೆಯ ಒಂದು ಪಂಚಾಯತಿಯನ್ನು ಊಹಿಸಿಕೊಳ್ಳಬಹುದು. ಖಾತೆಯನ್ನು ತೆರೆದವರು ಹಿಂದಿನ ಡಾಟಾ ಎಂಟ್ರಿ ಆಪರೇಟರ್. ದೃಢೀಕರಣಕ್ಕೆ ಕೊಟ್ಟದ್ದು ಅವರದೇ ಮೊಬೈಲ್ ಸಂಖ್ಯೆ. ಅವರು ಕೆಲಸ ಬಿಟ್ಟರು. ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಗೂ ವರ್ಗಾವಣೆಯಾಯಿತು. ಹೊಸದಾಗಿ ಬಂದವರು ಪಾಸ್‌ವರ್ಡ್ ಹಾಕಿದರೆ, ಒ.ಟಿ.ಪಿ. ಹೋಗುವುದು ಊರಲ್ಲಿಯೇ ಇಲ್ಲದ ಒಬ್ಬರ ಮೊಬೈಲ್‌ಗೆ. ಅದೇ ವಾರ ಮನೆ ಹಾನಿಯ ಪಟ್ಟಿಯನ್ನು ಕಳುಹಿಸಲು ಕೊನೆಯ ದಿನ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಪ್ರವಾಹವನ್ನು ಕಂಡ ನಮ್ಮ ತಾಲೂಕುಗಳ ಸದಸ್ಯರಿಗೆ ಇಂತಹ ವಾರದ ಬೆಲೆಯನ್ನು ವಿವರಿಸಬೇಕಾಗಿಲ್ಲ. ನೀರಿನ ಮಟ್ಟದ ಎಚ್ಚರಿಕೆ ದೂರವಾಣಿಯಲ್ಲಿ ಬಂದೀತು. ಆದರೆ ನಂತರದ ನಮೂನೆ, ಪಟ್ಟಿ, ತಿದ್ದುಪಡಿಗಳ ಪತ್ರ ವ್ಯವಹಾರ ನಡೆಯುವುದು ಕಚೇರಿಯ ಖಾತೆಯಲ್ಲಿ. ಖಾತೆ ತೆರೆಯದಿದ್ದರೆ ಪಟ್ಟಿಯಿಂದ ಬಿಟ್ಟುಹೋಗುವುದು ಯಾವುದೋ ಒಂದು ಮನೆತನದ ಹೆಸರು.

ಪರಿಶೀಲಿಸಬೇಕಾದ ಸೆಟ್ಟಿಂಗ್‌ಗಳು

ಸರ್ಕಾರಿ ಇ-ಮೇಲ್ ಸೇವೆಯ ಖಾತೆ ಇರುವಲ್ಲಿ ಅಧಿಕೃತ ವ್ಯವಹಾರಕ್ಕೆ ಅದನ್ನೇ ಬಳಸುವುದು ಉತ್ತಮ. ಜಿ-ಮೇಲ್‌ನಂತಹ ಖಾಸಗಿ ಸೇವೆಯ ಖಾತೆ ಬಳಕೆಯಲ್ಲಿದ್ದಲ್ಲಿ ಈ ಕೆಳಗಿನ ಅಂಶಗಳಿಗೆ ಇನ್ನಷ್ಟು ಗಮನ ಬೇಕು.

1. ಮರುಪಡೆಯುವ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್: ಪಾಸ್‌ವರ್ಡ್ ಮರೆತಾಗ ಖಾತೆಯನ್ನು ಮರಳಿ ಪಡೆಯುವ ದಾರಿ ಇದೇ. ಈ ಸಂಖ್ಯೆ ಯಾರ ಬಳಿ ಇದೆಯೋ, ಖಾತೆ ಅವರದೇ ಎನ್ನಬೇಕು. ಕಚೇರಿಯ ಹೆಸರಿನಲ್ಲಿರುವ ಮೊಬೈಲ್ ಸಂಖ್ಯೆಯನ್ನು ಮಾತ್ರ ಇಲ್ಲಿ ದಾಖಲಿಸಬೇಕು. ಸಿಬ್ಬಂದಿ ಬದಲಾದ ದಿನವೇ ಇದನ್ನು ಪರಿಶೀಲಿಸಬೇಕು.

2. ಎರಡು ಹಂತದ ದೃಢೀಕರಣ: ಪಾಸ್‌ವರ್ಡ್ ಜೊತೆಗೆ ಮೊಬೈಲ್‌ಗೆ ಬರುವ ಸಂಖ್ಯೆಯನ್ನೂ ಕೇಳುವ ವ್ಯವಸ್ಥೆ ಇದು. ಪಾಸ್‌ವರ್ಡ್ ಕದ್ದವನಿಗೂ ಇದರಿಂದ ಬಾಗಿಲು ತೆರೆಯುವುದು ಕಠಿಣ. ಜಿ-ಮೇಲ್‌ನಲ್ಲಿ ಇದರೊಂದಿಗೆ 10 ಬ್ಯಾಕಪ್ ಸಂಕೇತಗಳನ್ನು ಪಡೆಯಬಹುದು. ಪ್ರತಿಯೊಂದೂ ಒಂದು ಬಾರಿ ಮಾತ್ರ ಬಳಕೆಯಾಗುತ್ತದೆ. ಅವುಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಮೊಹರು ಮಾಡಿ ಕಚೇರಿಯ ಕಪಾಟಿನಲ್ಲಿ ಭದ್ರವಾಗಿಡಬೇಕು. ಪಾಸ್‌ವರ್ಡ್ ಅನ್ನು ಗಣಕಯಂತ್ರದ ಪರದೆಗೆ ಚೀಟಿಯಾಗಿ ಅಂಟಿಸುವುದು ಬೀಗವನ್ನೂ ಕೈಯನ್ನೂ ಒಂದೇ ಗೂಟಕ್ಕೆ ತೂಗುಹಾಕಿದಂತೆ.

3. ತಾನಾಗಿಯೇ ಮುಂದೆ ಕಳುಹಿಸುವ ವ್ಯವಸ್ಥೆ: ಇದನ್ನು ಫಾರ್ವರ್ಡಿಂಗ್ ಎನ್ನುತ್ತಾರೆ. ಒಮ್ಮೆ ಯಾರೋ ಅನುಕೂಲಕ್ಕಾಗಿ ತಮ್ಮ ಸ್ವಂತ ಖಾತೆಯ ವಿಳಾಸವನ್ನು ಇಲ್ಲಿ ಸೇರಿಸಿದ್ದರೆ, ಅವರು ವರ್ಗಾವಣೆಯಾದ ನಂತರವೂ ಪಂಚಾಯತಿಯ ಪತ್ರಗಳ ಪ್ರತಿ ಅವರಿಗೆ ಹೋಗುತ್ತಲೇ ಇರುತ್ತದೆ. ಖಾತೆಗೆ ನುಸುಳಿದ ವಂಚಕರೂ ಮೊದಲು ಬಳಸುವ ತಂತ್ರಗಳಲ್ಲಿ ಇದು ಒಂದು. ಪಾಸ್‌ವರ್ಡ್ ಬದಲಿಸಿದರೂ ಈ ಸೋರಿಕೆ ನಿಲ್ಲದಿರಬಹುದು. ಆದ್ದರಿಂದ ಇದನ್ನು ಪ್ರತ್ಯೇಕವಾಗಿ ತೆರೆದು ನೋಡಬೇಕು. ಇದರ ಪಕ್ಕದಲ್ಲಿರುವ ಫಿಲ್ಟರ್‌ಗಳ ಪಟ್ಟಿಯನ್ನೂ ಓದಬೇಕು.

4. ಲಾಗಿನ್ ಆಗಿರುವ ಸಾಧನಗಳು: ಯಾವ ಯಾವ ಗಣಕಯಂತ್ರ ಹಾಗೂ ಮೊಬೈಲ್‌ಗಳಲ್ಲಿ ಖಾತೆ ತೆರೆದಿದೆ ಎಂಬ ಪಟ್ಟಿ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ. ಪರಿಚಯವಿಲ್ಲದ ಸಾಧನ ಕಂಡಲ್ಲಿ ಅದನ್ನು ಕೂಡಲೇ ಹೊರಹಾಕಿ, ಪಾಸ್‌ವರ್ಡ್ ಬದಲಿಸಬೇಕು. ಝೆರಾಕ್ಸ್ ಅಂಗಡಿಯಲ್ಲಿ ಮುದ್ರಣಕ್ಕಾಗಿ ಕಚೇರಿಯ ಖಾತೆ ತೆರೆದು, ಹಾಗೆಯೇ ಮರೆತು ಬರುವುದುಂಟು.

5. ಸ್ಪ್ಯಾಮ್ ಮತ್ತು ಸಂಗ್ರಹ ಮಿತಿ: ಅಗತ್ಯ ಪತ್ರವೂ ಕೆಲವೊಮ್ಮೆ ಸ್ಪ್ಯಾಮ್ ವಿಭಾಗ ಸೇರುತ್ತದೆ. ಜಿ-ಮೇಲ್‌ನಲ್ಲಿ ಆ ವಿಭಾಗದ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಯುತ್ತವೆ. ಆದ್ದರಿಂದ ಪ್ರತಿದಿನ ಒಮ್ಮೆ ಆ ವಿಭಾಗವನ್ನು ನೋಡುವುದು ಟಪಾಲು ನೋಡುವ ಕೆಲಸದ ಭಾಗವೇ ಆಗಬೇಕು. ಉಚಿತ ಖಾತೆಯ 15 ಜಿ.ಬಿ. ಸ್ಥಳವು ಪತ್ರ, ಕಡತ, ಭಾವಚಿತ್ರ ಎಲ್ಲಕ್ಕೂ ಸೇರಿ ಇರುವಂಥದು. ಕಾಮಗಾರಿಯ ಭಾವಚಿತ್ರಗಳಿಂದ ಅದು ತುಂಬಿದರೆ ಹೊಸ ಪತ್ರಗಳು ಒಳಬಾರದೆ ನಿಲ್ಲುತ್ತವೆ.

6. ಸಹಿ ಮತ್ತು ಭಾಷೆ: ಪ್ರತಿ ಪತ್ರದ ಕೊನೆಗೆ ಪಂಚಾಯತಿಯ ಹೆಸರು, ತಾಲೂಕು, ಪಿನ್ ಕೋಡ್ ಹಾಗೂ ಕಚೇರಿಯ ದೂರವಾಣಿ ಸಂಖ್ಯೆ ತಾನಾಗಿ ಮೂಡುವಂತೆ ಸಹಿಯನ್ನು ಹೊಂದಿಸಬಹುದು. ಇದನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಬೇಕು. ಹಳೆಯ, ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡವನ್ನು ಪತ್ರದಲ್ಲಿ ಅಂಟಿಸಿದರೆ ಎದುರಿನವರಿಗೆ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ.

ವಂಚನೆಯ ಪತ್ರಗಳು

ಖಾತೆ ಸ್ಥಗಿತಗೊಳ್ಳುವುದೆಂದು ಹೆದರಿಸಿ, ಒಂದು ಕೊಂಡಿಯನ್ನು ಒತ್ತಿ ಪಾಸ್‌ವರ್ಡ್ ನೀಡುವಂತೆ ಕೋರುವ ಪತ್ರಗಳು ಬರುತ್ತವೆ. ಮೇಲಧಿಕಾರಿಯ ಹೆಸರಿನಲ್ಲಿಯೇ ಬಂದರೂ ಕಳುಹಿಸಿದವರ ಪೂರ್ಣ ವಿಳಾಸವನ್ನು ಅಕ್ಷರಶಃ ಓದಿ, ಸಂದೇಹವಿದ್ದಲ್ಲಿ ಆ ಕಚೇರಿಗೆ ದೂರವಾಣಿಯಲ್ಲಿ ವಿಚಾರಿಸಬೇಕು. ಯಾವುದೇ ಕಚೇರಿಯು ಪಾಸ್‌ವರ್ಡ್ ಅಥವಾ ಒ.ಟಿ.ಪಿ.ಯನ್ನು ಕೇಳುವ ಕಾರಣವಿಲ್ಲ. ಇನ್ನೊಬ್ಬರ ಪಾಸ್‌ವರ್ಡ್ ಅನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕರಣದಂತೆ 3 ವರ್ಷಗಳವರೆಗಿನ ಕಾರಾವಾಸ ಹಾಗೂ ರೂ. 1 ಲಕ್ಷದವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಹಣ ಕಳೆದುಹೋದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಸದಸ್ಯರ ಪಾತ್ರ

ಸದಸ್ಯರು ಪಾಸ್‌ವರ್ಡ್ ತಿಳಿದಿರಬೇಕೆಂದು ಇದರ ಅರ್ಥವಲ್ಲ. ಅದು ಹೆಚ್ಚು ಜನರಿಗೆ ತಿಳಿದಷ್ಟೂ ಹೊಣೆ ಯಾರದೆಂಬುದು ಮಸುಕಾಗುತ್ತದೆ. ಖಾತೆಯ ದೈನಂದಿನ ನಿರ್ವಹಣೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರದು. ವ್ಯವಸ್ಥೆ ಸರಿಯಿದೆಯೇ ಎಂದು ಕೇಳುವ ಹಕ್ಕು ಹಾಗೂ ಕರ್ತವ್ಯ ಸದಸ್ಯರದು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಬಹುದು.

ಅ) ಖಾತೆಯಲ್ಲಿ ದಾಖಲಾಗಿರುವ ಮೊಬೈಲ್ ಸಂಖ್ಯೆ ಕಚೇರಿಯದೇ?
ಆ) ಎರಡು ಹಂತದ ದೃಢೀಕರಣ ಜಾರಿಯಲ್ಲಿದೆಯೇ?
ಇ) ಪತ್ರಗಳು ಬೇರೆ ಯಾವ ಖಾತೆಗಾದರೂ ತಾನಾಗಿ ಹೋಗುತ್ತಿವೆಯೇ?
ಈ) ಬಂದ ಇ-ಮೇಲ್‌ಗಳನ್ನು ದಿನಾಂಕ ಸಹಿತ ಆವಕ ವಹಿಯಲ್ಲಿ ನಮೂದಿಸಲಾಗುತ್ತಿದೆಯೇ?
ಉ) ಅಧಿಕಾರಿ ರಜೆಯಲ್ಲಿರುವಾಗ ಖಾತೆಯನ್ನು ನೋಡುವವರು ಯಾರು?

ಅಧಿಕಾರಿ ಅಥವಾ ಸಿಬ್ಬಂದಿ ಬದಲಾಗುವಾಗ ಸಿದ್ಧಪಡಿಸುವ ಪ್ರಭಾರ ಪಟ್ಟಿಯಲ್ಲಿ ನಗದು ಪುಸ್ತಕ, ಮೊಹರು, ಕಡತಗಳ ಜೊತೆಗೆ ಇ-ಮೇಲ್ ಖಾತೆಯನ್ನೂ ಒಂದು ಬಾಬ್ತಾಗಿ ಸೇರಿಸುವಂತೆ ಸಭೆಯಲ್ಲಿ ಠರಾವು ಕೈಗೊಳ್ಳಬಹುದು. ಪ್ರಭಾರ ವಹಿಸಿಕೊಂಡವರು ಅದೇ ದಿನ ಪಾಸ್‌ವರ್ಡ್ ಬದಲಿಸಿ, ಇತರ ಎಲ್ಲ ಸಾಧನಗಳಿಂದ ಖಾತೆಯನ್ನು ಹೊರಹಾಕಿ, ಆ ಬಗ್ಗೆ ಪಟ್ಟಿಯಲ್ಲಿ ಷರಾ ಬರೆದು ಸಹಿ ಮಾಡಬೇಕು. ಈ ಕೆಲಸಕ್ಕೆ ಅನುದಾನ ಬೇಕಿಲ್ಲ. ಅರ್ಧ ಗಂಟೆ ಸಾಕು.

ಆಲಮಟ್ಟಿ ಹಿನ್ನೀರಿನಿಂದ ಸ್ಥಳಾಂತರಗೊಂಡ ಬೀಳಗಿ ತಾಲೂಕಿನ ಕುಟುಂಬವಿರಲಿ, ಬನಹಟ್ಟಿಯ ಸುತ್ತಲಿನ ನೇಕಾರರಿರಲಿ, ಮುಧೋಳದ ಕಬ್ಬು ಬೆಳೆಗಾರರಿರಲಿ, ಪಂಚಾಯತಿಗೆ ಪತ್ರ ಬರೆದವರು ಉತ್ತರ ನಿರೀಕ್ಷಿಸುವುದು ಪಂಚಾಯತಿಯಿಂದ. ಕಚೇರಿಯ ಕುರ್ಚಿಯಲ್ಲಿ ಯಾರೇ ಇರಲಿ, ಅವರ ಪತ್ರ ತೆರೆದು ಓದುವಂತಿರಬೇಕು. ಅದಕ್ಕೆ ಬೇಕಾದ ಮೊದಲ ಹೆಜ್ಜೆ, ಖಾತೆಯ ಬೀಗದ ಕೈ ಪಂಚಾಯತಿಯ ಬಳಿಯೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು.